ನೀರಿನಲ್ಲಿ ಕರಗಿದ ನೆಲ

ಬಯಲುಸೀಮೆಯ ಹಳೆಯ ಊರುಗಳಲ್ಲಿ ಕೂಗಳತೆಯ ದೂರದಲ್ಲಿರುವ ಎರಡು ಬಾವಿಗಳ ಪೈಕಿ ಒಂದು ಸೀನೀರಿನದೆಂದೂ ಮತ್ತೊಂದು ಉಪ್ಪುನೀರಿನದೆಂದೂ ಹೆಸರು ಪಡೆದಿರುವುದುಂಟು. ಕುಡಿಯುವುದಕ್ಕೂ ಅಡಿಗೆಗೂ ಮೊದಲನೆಯದರಿಂದ ಸೇದುತ್ತಿದ್ದ ಹೆಂಗಸರು, ಎರಡನೆಯದನ್ನು ಮುಸುರೆ ತಿಕ್ಕುವುದಕ್ಕೂ ದನಕರುಗಳ ಮೈ ತೊಳೆಯುವುದಕ್ಕೂ ಬಿಟ್ಟುಬಿಡುತ್ತಿದ್ದರು. ಈ ವಿಂಗಡಣೆಗೆ ಯಾವ ಪ್ರಯೋಗಶಾಲೆಯ ಪ್ರಮಾಣಪತ್ರವೂ ಬೇಕಾಗಿರಲಿಲ್ಲ. ಯಾವ ನೀರಿನಲ್ಲಿ ತೊಗರಿಬೇಳೆ ಹದವಾಗಿ ಬೆಂದು ಅರಳುವುದೋ ಅದು ಒಳ್ಳೆಯ ನೀರು. ಎಷ್ಟು ಸೌದೆ ಉರಿಸಿದರೂ ಯಾವುದರಲ್ಲಿ ಬೇಳೆ ಕರಗದೆ ಹೋಗುವುದೋ, ಸೀಗೆಯೋ ಸಬೂನೋ ತಲೆಗೆ ಹಿಡಿಯದೆ ಕೂದಲು ಜಡೆಗಟ್ಟುವುದೋ, ಅದು ಸವಳು ನೀರು. ಇಂದು ಈ ಪರೀಕ್ಷೆಯ ಸ್ಥಾನವನ್ನು ಲೇಖನಿಯ ಗಾತ್ರದ ಒಂದು ಸಣ್ಣ ಉಪಕರಣವು ಆಕ್ರಮಿಸಿಕೊಂಡಿದೆ. ಅದನ್ನು ಲೋಟದ ನೀರಿನಲ್ಲಿ ಅದ್ದಿದೊಡನೆ ಟಿ.ಡಿ.ಎಸ್., ಎಂದರೆ ಕರಗಿದ ಒಟ್ಟು ಘನಪದಾರ್ಥ, ಎಂಬ ಹೆಸರಿನ ಅಂಕಿಯೊಂದು ಮೂಡುತ್ತದೆ. ಆ ಅಂಕಿ ನೂರಾದರೆ ಮನೆಯವರಿಗೆ ಸಮಾಧಾನ, ಎಂಟುನೂರಾದರೆ ಗಾಬರಿ. ಆ ಅಂಕಿಯು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಮುಚ್ಚಿಡುತ್ತದೆ ಎಂಬುದನ್ನು ತುಸು ಸಾವಧಾನವಾಗಿ ವಿಚಾರಿಸುವುದು ಅವಶ್ಯಕವಾಗಿದೆ. ಏಕೆಂದರೆ ಸಮಾಧಾನವೂ ಗಾಬರಿಯೂ ಎರಡೂ ಹಲವು ವೇಳೆ ಅಸ್ಥಾನದಲ್ಲಿಯೇ ಹುಟ್ಟುತ್ತಿವೆ.

ಕೇವಲ ನೀರು ಎಂಬುದು ನಿಸರ್ಗದಲ್ಲಿ ಎಲ್ಲಿಯೂ ಇಲ್ಲ. ಆಕಾಶದಿಂದ ಬೀಳುವ ಮಳೆಹನಿಯು ಎಲ್ಲಕ್ಕಿಂತ ಶುದ್ಧವಾದುದೆಂಬುದು ನಿಜವಾದರೂ, ಅದೂ ಕೂಡ ಬರುವ ದಾರಿಯಲ್ಲಿ ಗಾಳಿಯ ಇಂಗಾಲಾಮ್ಲವನ್ನು ಕುಡಿದು ಅತ್ಯಲ್ಪವಾಗಿ ಆಮ್ಲೀಯವಾಗಿರುತ್ತದೆ. ನೆಲಕ್ಕೆ ಇಳಿದ ಮೇಲೆ, ಗಿಡಮರಗಳ ಬೇರುಗಳೂ ಮಣ್ಣಿನ ಸೂಕ್ಷ್ಮಜೀವಿಗಳೂ ಉಸಿರಾಡಿ ತುಂಬಿಟ್ಟಿರುವ ಇಂಗಾಲಾಮ್ಲವು ಅದಕ್ಕೆ ಇನ್ನಷ್ಟು ಕೂಡಿಕೊಂಡು, ಬಂಡೆಯನ್ನು ಕರಗಿಸುವ ಸಾಮರ್ಥ್ಯವನ್ನು ಕೊಡುತ್ತದೆ. ಹೀಗೆ ಹುಟ್ಟಿದ ದುರ್ಬಲವಾದ ಆಮ್ಲವು ಅವಸರವಿಲ್ಲದೆ, ವರ್ಷಗಟ್ಟಲೆ, ಕೆಲವೆಡೆ ಶತಮಾನಗಟ್ಟಲೆ, ಶಿಲೆಯ ಸಂದುಗಳಲ್ಲಿ ನಿಂತು ಅದರ ಅಂಶಗಳನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಎಂಬ ಧನ ಅಯಾನುಗಳೂ, ಬೈಕಾರ್ಬೊನೇಟು, ಕ್ಲೋರೈಡು, ಸಲ್ಫೇಟು, ನೈಟ್ರೇಟು ಎಂಬ ಋಣ ಅಯಾನುಗಳೂ ಸೇರಿ ನೀರಿನಲ್ಲಿ ಕರಗಿದ ಘನಪದಾರ್ಥಗಳ ಬಹುಪಾಲು ಆಗುತ್ತವೆ. ಕೆಸರಿನಂತೆ ಇವು ಕಣ್ಣಿಗೆ ಕಾಣವು. ಬಟ್ಟೆಯಲ್ಲಿ ಸೋಸಿದರೆ ಉಳಿಯವು. ತಿಳಿಯಾಗಲೆಂದು ಕಾದರೆ ತಳಕ್ಕೆ ಇಳಿಯವು.

ಆದುದರಿಂದ ಒಂದು ಸೀಮೆಯ ನೀರಿನ ಗುಣವು ಆ ಸೀಮೆಯ ಶಿಲೆ, ಮಳೆ ಮತ್ತು ಕಾಲ, ಈ ಮೂರರ ಸಂಯೋಗದಿಂದ ನಿರ್ಧಾರವಾಗುತ್ತದೆ. ಆಗುಂಬೆಯಂಥ ಸ್ಥಳದಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯು ಕರಗಬಲ್ಲದ್ದನ್ನೆಲ್ಲ ಎಂದೋ ತೊಳೆದು ಸಮುದ್ರಕ್ಕೆ ಸಾಗಿಸಿಬಿಟ್ಟಿರುವುದರಿಂದ, ಮಲೆನಾಡಿನ ಝರಿಯ ನೀರಿನಲ್ಲಿ ಲವಣಗಳು ತೀರ ಕಡಮೆ. ಸೇಡಂ, ಚಿತ್ತಾಪುರ, ಶಹಾಬಾದಿನ ಕಡೆ ನೆಲವೇ ಸುಣ್ಣದ ಕಲ್ಲು; ಅಲ್ಲಿನ ಬಾವಿಯ ನೀರು ಗಡಸಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ಕಡೆ ಇರುವುದು ಅತ್ಯಂತ ಪುರಾತನವಾದ ಗ್ರಾನೈಟು ಮತ್ತು ನೈಸ್ ಶಿಲೆ. ಮಳೆ ಕಡಮೆ, ಬಿಸಿಲು ಹೆಚ್ಚು, ತೆರೆದ ಬಾವಿಗಳು ಬತ್ತಿಹೋಗಿ ಕೊಳವೆಬಾವಿಯು ಸಾವಿರ ಅಡಿಯನ್ನೂ ಮೀರಿ ಕೆಳಗಿಳಿದಿದೆ. ಅಷ್ಟು ಆಳದಲ್ಲಿ ಸಿಕ್ಕುವ ನೀರು ಬಂಡೆಯ ಸಹವಾಸದಲ್ಲಿ ಬಹುಕಾಲ ಕಳೆದದ್ದು. ಸಹವಾಸದ ದೋಷವೆನ್ನಿ, ಗುಣವೆನ್ನಿ, ಅದರ ಮೈಗೆ ಹತ್ತದೆ ಇರುವುದಿಲ್ಲ. ಕರಾವಳಿಯ ಕಥೆ ಬೇರೆ. ಬೇಸಗೆಯಲ್ಲಿ ಹೊಳೆಯ ಹರಿವು ಕ್ಷೀಣಿಸಿದಾಗ ಸಮುದ್ರವೇ ಅಳಿವೆಯ ಮೂಲಕ ಮೇಲಕ್ಕೆ ಏರಿ ದಡದ ಬಾವಿಗಳನ್ನು ಉಪ್ಪಾಗಿಸುವುದನ್ನು ಅಲ್ಲಿನವರು ಬಲ್ಲರು. ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವುದರ ಒಂದು ಉದ್ದೇಶ ಇದನ್ನು ತಡೆಯುವುದೇ.

ಬೇಳೆಯ ವಿಚಾರಕ್ಕೆ ಬರೋಣ. ಧಾನ್ಯದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪದಾರ್ಥಕ್ಕೆ ಪೆಕ್ಟಿನ್ ಎಂದು ಹೆಸರು. ಬೇಳೆ ಬೇಯುವುದೆಂದರೆ ಬಿಸಿನೀರಿನಲ್ಲಿ ಈ ಅಂಟು ಸಡಿಲಗೊಂಡು ಕೋಶಗಳು ಬಿಡಿಬಿಡಿಯಾಗುವುದೇ ಹೊರತು ಬೇರೇನಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಧಿಕವಾಗಿದ್ದರೆ ಅವು ಪೆಕ್ಟಿನ್ನಿನ ಎಳೆಗಳ ನಡುವೆ ಸೇರಿಕೊಂಡು, ಕರಗಬೇಕಾದುದನ್ನು ಕರಗದಂತೆ ಬಿಗಿದುಬಿಡುತ್ತವೆ. ಇಂಥ ನೀರಿಗೆ ಚಿಟಿಕೆ ಅಡಿಗೆ ಸೋಡ ಹಾಕುವ ನಮ್ಮ ಮನೆಗಳ ರೂಢಿಯು ರಸಾಯನಶಾಸ್ತ್ರಕ್ಕೆ ಒಪ್ಪುವಂಥದ್ದೇ: ಸೋಡವು ಕ್ಯಾಲ್ಸಿಯಮ್ಮನ್ನು ಕರಗದ ಕಾರ್ಬೊನೇಟಾಗಿ ಬೇರ್ಪಡಿಸುವುದಲ್ಲದೆ, ನೀರನ್ನು ಕ್ಷಾರೀಯವನ್ನಾಗಿ ಮಾಡಿ ಪೆಕ್ಟಿನ್ನನ್ನೂ ಒಡೆಯುತ್ತದೆ. ಬೇಳೆಯ ಬಿ ಜೀವಸತ್ವದ ಒಂದಂಶ ಅದರೊಡನೆ ನಾಶವಾಗುವುದೆಂಬುದು ಮಾತ್ರ ಆ ರೂಢಿಯ ಕುಂದು. ಸಬೂನಿನ ಸಂಗತಿಯೂ ಇದಕ್ಕೆ ಸಮೀಪವಾದುದೇ. ಸಬೂನಿನ ಕೊಬ್ಬಿನ ಆಮ್ಲಗಳು ಸೋಡಿಯಮ್ಮಿನ ಜೊತೆಯಲ್ಲಿರುವವರೆಗೆ ನೊರೆ ಕೊಡುತ್ತವೆ; ಕ್ಯಾಲ್ಸಿಯಂ ಎದುರಾದ ಕೂಡಲೆ ಸೋಡಿಯಮ್ಮನ್ನು ತೊರೆದು ಅದನ್ನು ಹಿಡಿದುಕೊಂಡು, ನೀರಿನಲ್ಲಿ ಕರಗದ ಬೂದುಬಣ್ಣದ ಜಿಗುಟಾಗಿ ಬಚ್ಚಲಿನ ಕಲ್ಲಿಗೂ ಬಟ್ಟೆಯ ನೂಲಿಗೂ ಹತ್ತಿಕೊಳ್ಳುತ್ತವೆ. ನೀರಿನೊಳಗಿನ ಕ್ಯಾಲ್ಸಿಯಂ ಎಲ್ಲ ಹೀಗೆ ತೀರಿದ ಮೇಲಲ್ಲದೆ ನೊರೆ ಏಳದು.

ಹಂಡೆಯ ಒಳಮೈಗೂ ಈಗಿನ ಗೀಸರಿನ ಕಾಯಿಲಿಗೂ ಕಟ್ಟುವ ಬಿಳಿಯ ಹೆಕ್ಕಳಿಕೆಯು ಕರಗಿದ ಘನಪದಾರ್ಥವು ಮರಳಿ ಘನವಾಗಿ ಕಣ್ಣಿಗೆ ಕಾಣುವ ರೂಪ. ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾದಾಗ ತನ್ನಲ್ಲಿನ ಇಂಗಾಲಾಮ್ಲವನ್ನು ಗಾಳಿಗೆ ಬಿಟ್ಟುಕೊಟ್ಟು ಸುಣ್ಣದ ಕಲ್ಲಾಗಿ ಹಿಂದಿರುಗುತ್ತದೆ. ಕುದಿಸಿದರೆ ಹೋಗುವ ಈ ಗಡಸುತನವನ್ನು ತಾತ್ಕಾಲಿಕವೆಂದೂ, ಕುದಿಸಿದರೂ ಬಿಡದ ಸಲ್ಫೇಟು ಕ್ಲೋರೈಡುಗಳ ಗಡಸುತನವನ್ನು ಶಾಶ್ವತವೆಂದೂ ಶಾಸ್ತ್ರವು ವಿಂಗಡಿಸುತ್ತದೆ. ಗಡಸು ನೀರಿಗೆ ಲೆಕ್ಕವಾಗಿ ಸುಣ್ಣವನ್ನೇ ಹಾಕಿ ಅದರೊಳಗಿನ ಸುಣ್ಣವನ್ನು ಹೊರಹಾಕುವ ವಿಚಿತ್ರವಾದ ಉಪಾಯಕ್ಕೆ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕನು 1841ರಲ್ಲಿ ಪೇಟೆಂಟು ಪಡೆದನು. ಆ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಇನ್ನು ಅಳತೆಯ ಮಾತು. ಕರಗಿದ ಘನಪದಾರ್ಥವನ್ನು ಪ್ರಾಮಾಣಿಕವಾಗಿ ಅಳೆಯುವ ವಿಧಾನವೆಂದರೆ, ನೀರನ್ನು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ತೂಕ ಗೊತ್ತಿರುವ ಪಾತ್ರೆಯಲ್ಲಿ ಆವಿಯಾಗಿಸಿ, ಉಳಿದುದನ್ನು 180 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಗಿಸಿ ತೂಗುವುದು. ಇದಕ್ಕೆ ಗಂಟೆಗಟ್ಟಲೆ ಸಮಯ ಬೇಕು, ಸೂಕ್ಷ್ಮವಾದ ತಕ್ಕಡಿ ಬೇಕು, ತಾಳ್ಮೆ ಬೇಕು. ಕೈಯಲ್ಲಿ ಹಿಡಿಯುವ ಮೀಟರು ಇದಾವುದನ್ನೂ ಮಾಡುವುದಿಲ್ಲ. ಅದು ನೀರಿನ ಮೂಲಕ ಅಲ್ಪವಾದ ವಿದ್ಯುತ್ತನ್ನು ಹರಿಸಿ, ಎಷ್ಟು ಸುಲಭವಾಗಿ ಹರಿಯಿತೆಂಬುದನ್ನು ನೋಡಿ, ಆ ವಿದ್ಯುದ್ವಾಹಕತೆಯನ್ನು ಸಾಮಾನ್ಯವಾಗಿ 0.5ರಿಂದ 0.7ರವರೆಗಿನ ಯಾವುದೋ ಒಂದು ಗುಣಕದಿಂದ ಗುಣಿಸಿ, ಬಂದ ಫಲವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಸಾರುತ್ತದೆ. ವಿದ್ಯುತ್ತನ್ನು ಸಾಗಿಸುವುದು ಅಯಾನುಗಳು ಮಾತ್ರ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕದಡಿ ಮೀಟರನ್ನು ಅದ್ದಿ ನೋಡಿದರೆ ಅಂಕಿಯು ಮೇಲೇರುವುದೇ ಇಲ್ಲ. ಸಾವಿರಾರು ಮಿಲಿಗ್ರಾಂ ಘನಪದಾರ್ಥ ಅಲ್ಲಿ ಕರಗಿದ್ದರೂ ಮೀಟರಿನ ಪಾಲಿಗೆ ಅದು ಇಲ್ಲ. ಹಾಗೆಯೇ ಅನೇಕ ಕೀಟನಾಶಕಗಳೂ ಅದಕ್ಕೆ ಕಾಣವು. ರೋಗಾಣುಗಳಂತೂ ಕರಗಿದ ಪದಾರ್ಥಗಳೇ ಅಲ್ಲವಾದುದರಿಂದ, ವಾಂತಿಭೇದಿಗೆ ಮೂಲವಾದ ನೀರೂ ಈ ಉಪಕರಣದ ಮುಂದೆ ಸತ್ಪಾತ್ರವಾಗಿ ನಿಲ್ಲಬಲ್ಲದು.

ಉಪಕರಣದ ಈ ಸ್ವಭಾವವನ್ನು ಬಲ್ಲ ಕೆಲವರು ಅದರಿಂದ ಒಂದು ಪ್ರದರ್ಶನಕಲೆಯನ್ನೇ ಸೃಷ್ಟಿಸಿಕೊಂಡಿದ್ದಾರೆ. ನೀರು ಶುದ್ಧಿಮಾಡುವ ಯಂತ್ರವನ್ನು ಹೊತ್ತು ಮನೆಬಾಗಿಲಿಗೆ ಬರುವ ಮಾರಾಟಗಾರನು ಎರಡು ಲೋಟಗಳನ್ನು ಕೇಳಿ, ಒಂದಕ್ಕೆ ನಲ್ಲಿಯ ನೀರನ್ನೂ ಮತ್ತೊಂದಕ್ಕೆ ತನ್ನ ಯಂತ್ರದ ನೀರನ್ನೂ ತುಂಬಿ, ಎರಡರಲ್ಲಿಯೂ ಜೋಡಿ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ತನ್ನು ಹಾಯಿಸುತ್ತಾನೆ. ನಿಮಿಷದೊಳಗೆ ನಲ್ಲಿಯ ನೀರು ಹಸುರಾಗಿ, ಕಂದಾಗಿ, ಗಸಿಗಟ್ಟಿ ಹೇಸಿಗೆ ಹುಟ್ಟಿಸುತ್ತದೆ. ಯಂತ್ರದ ನೀರು ಕದಲದೆ ತಿಳಿಯಾಗಿಯೇ ನಿಲ್ಲುತ್ತದೆ. ಇಷ್ಟು ದಿನ ಮಕ್ಕಳಿಗೆ ಕುಡಿಸಿದ್ದು ಇದನ್ನೆ ಎಂದು ಮನೆಯಾಕೆಯು ಬೆಚ್ಚಿಬೀಳುವುದು ಸಹಜ. ಆದರೆ ಆ ಗಸಿಯು ನೀರಿನಲ್ಲಿದ್ದುದಲ್ಲ. ಕಡ್ಡಿಗಳಲ್ಲೊಂದು ಕಬ್ಬಿಣದ್ದು, ವಿದ್ಯುತ್ತು ಹರಿದಾಗ ಅದೇ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ನಲ್ಲಿಯ ನೀರಿನಲ್ಲಿ ನಿರುಪದ್ರವಿಯಾದ ಲವಣಗಳಿರುವುದರಿಂದ ವಿದ್ಯುತ್ತು ಹರಿಯಿತು. ಯಂತ್ರದ ನೀರಿನಲ್ಲಿ ಲವಣವಿಲ್ಲದ್ದರಿಂದ ಹರಿಯಲಿಲ್ಲ. ಪರೀಕ್ಷಿಸಬೇಕೆನ್ನುವವರು ಆ ಎರಡನೆಯ ಲೋಟಕ್ಕೆ ಚಿಟಿಕೆ ಅಡಿಗೆ ಉಪ್ಪನ್ನು ಹಾಕಿ ಕಡ್ಡಿಗಳನ್ನು ಮತ್ತೆ ಇಳಿಸಲು ಹೇಳಬಹುದು. ಮಾರಾಟಗಾರನಿಗೆ ಆಗ ಬೇರೆ ಮನೆಗೆ ಹೋಗಬೇಕಾದ ತುರ್ತು ಕೆಲಸ ನೆನಪಾದೀತು.

ಹಾಗಾದರೆ ಎಷ್ಟು ಕರಗಿದ್ದರೆ ಹೆಚ್ಚು? ಭಾರತೀಯ ಮಾನಕ ಸಂಸ್ಥೆಯು 2012ರ ತನ್ನ ಕುಡಿಯುವ ನೀರಿನ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಮನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಆಕರವಿಲ್ಲದ ಕಡೆ 2000ದವರೆಗೆ ಸಹಿಸಿಕೊಳ್ಳಬಹುದೆಂದೂ ವಿಧಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 600ರ ಒಳಗಿನ ನೀರು ರುಚಿಗೆ ಒಳ್ಳೆಯದೆಂದೂ, 1000ದ ಮೇಲೆ ಅದು ಹೆಚ್ಚು ಹೆಚ್ಚಾಗಿ ಅರುಚಿಯಾಗುವುದೆಂದೂ ಹೇಳುತ್ತದೆಯೇ ಹೊರತು, ಒಟ್ಟು ಮೊತ್ತವನ್ನೇ ಹಿಡಿದು ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಹಾಕಿಲ್ಲ. ಲೆಕ್ಕ ಮಾಡಿ ನೋಡೋಣ: 500 ಅಂಕಿಯ ನೀರಿನ 15 ಲೀಟರಿನ ಕೊಡವೊಂದನ್ನು ಇಂಗಿಸಿದರೆ ಉಳಿಯುವುದು ಏಳೂವರೆ ಗ್ರಾಂ ಪುಡಿ, ಅದೇ ಕೊಡದಲ್ಲಿ ಸಮುದ್ರದ ನೀರಿದ್ದರೆ ಅರ್ಧ ಕಿಲೋಗ್ರಾಮಿಗೂ ಮಿಕ್ಕ ಉಪ್ಪು. ದಿನಕ್ಕೆ ಎರಡು ಲೀಟರು ಕುಡಿಯುವವನ ಹೊಟ್ಟೆಗೆ ಆ 500ರ ನೀರಿನಿಂದ ಸೇರುವುದು ಒಂದು ಗ್ರಾಂ. ಒಂದು ತುಣುಕು ಉಪ್ಪಿನಕಾಯಿಯಲ್ಲಿ ಎಷ್ಟಿರುವುದೆಂದು ನಾವು ಯಾರೂ ಮೀಟರು ಹಿಡಿದು ನೋಡುವುದಿಲ್ಲ. ಹೀಗಿರುವಾಗ ಮುನ್ನೂರು ನಾನ್ನೂರರ ಅಂಕಿಗೆ ಹೆದರುವುದು ನಿಷ್ಕಾರಣವಾದ ಭೀತಿ.

ನಿಷ್ಕಾರಣವಾದ ಸಮಾಧಾನವು ಅದಕ್ಕಿಂತಲೂ ಅಪಾಯಕರವಾದುದು. ಅದರ ನಿದರ್ಶನ ನಮ್ಮ ನೆಲದಲ್ಲಿಯೇ ಇದೆ. ಫ್ಲೋರೈಡಿಗೆ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದಲ್ಲಿ 1.5. ಅದನ್ನು ಮೀರಿದರೆ ಹಲ್ಲು ರೂಪುಗೊಳ್ಳುತ್ತಿರುವ ವಯಸ್ಸಿನ ಮಕ್ಕಳ ದಂತಗಳಲ್ಲಿ ಹಳದಿ ಕಂದು ಪಟ್ಟೆಗಳು ಮೂಡುತ್ತವೆ. 3ನ್ನು ದಾಟಿದ ನೀರನ್ನು ವರ್ಷಾನುವರ್ಷ ಕುಡಿದರೆ ಎಲುಬುಗಳಲ್ಲಿ ಶೇಖರವಾಗಿ ಕೀಲುಗಳು ಬಿಗಿಯುತ್ತವೆ. 10ರ ಮೇಲೆ ಬೆನ್ನು ಬಾಗಿ ಮನುಷ್ಯನು ಅಂಗವಿಕಲನಾಗುವಷ್ಟು ಭೀಕರವಾಗುವುದುಂಟು. ಭಾರತದಲ್ಲಿ ಈ ವ್ಯಾಧಿಯನ್ನು ಶಾರ್ಟ್ ಎಂಬ ಸಂಶೋಧಕರೂ ಅವರ ಸಂಗಡಿಗರೂ 1937ರಲ್ಲಿ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ಗ್ರಾಮಗಳಿಂದ ವರದಿ ಮಾಡಿದರು; ಅದೇ ಬಗೆಯ ಪುರಾತನ ಶಿಲೆಯ ಮೇಲಿರುವ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ಕೊಳವೆಬಾವಿಗಳಲ್ಲಿ ಇಂದು ನಾವು ಕಾಣುತ್ತಿರುವುದೂ ಅದನ್ನೇ. ಲೀಟರಿಗೆ ಮೂರು ನಾಲ್ಕು ಮಿಲಿಗ್ರಾಂ ಫ್ಲೋರೈಡು ಟಿ.ಡಿ.ಎಸ್. ಅಂಕಿಗೆ ಕೂಡಿಸುವುದು ಆ ಮೂರು ನಾಲ್ಕನ್ನೇ. ಆರುನೂರರ ಅಂಕಿ ಆರುನೂರ ನಾಲ್ಕಾದರೆ ಗಮನಿಸುವವರು ಯಾರು? ನಾಲಿಗೆಗೆ ಅದರ ರುಚಿಯಿಲ್ಲ, ಕಣ್ಣಿಗೆ ಬಣ್ಣವಿಲ್ಲ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕ್ಯಾಲ್ಸಿಯಂ ಫ್ಲೋರೈಡು ನೀರಿನಲ್ಲಿ ಕರಗುವುದು ಬಹು ಕಷ್ಟ; ಆದ್ದರಿಂದ ಕ್ಯಾಲ್ಸಿಯಂ ಧಾರಾಳವಾಗಿರುವ ಗಡಸು ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿ ಉಳಿಯಲಾರದು. ಸೋಡಿಯಂ ಮತ್ತು ಬೈಕಾರ್ಬೊನೇಟು ಹೆಚ್ಚಾಗಿ ಕ್ಯಾಲ್ಸಿಯಂ ಕಡಮೆಯಾಗಿರುವ ಮೆದು ನೀರಿನಲ್ಲಿಯೇ ಅದು ಸರಾಗವಾಗಿ ಏರುತ್ತದೆ. ಮೆದು ನೀರಿನಲ್ಲಿ ಸಬೂನು ಚೆನ್ನಾಗಿ ನೊರೆಗಟ್ಟುತ್ತದೆ, ಬೇಳೆಯೂ ಚೆನ್ನಾಗಿ ಬೇಯುತ್ತದೆ. ನಮ್ಮ ಅಜ್ಜಿಯರ ಪರೀಕ್ಷೆಯು ಮೊತ್ತವನ್ನಲ್ಲದೆ ಗುಣವನ್ನು ಕೇಳುತ್ತಿತ್ತೆಂಬ ಕಾರಣಕ್ಕೆ ಮೀಟರಿಗಿಂತ ಮೇಲಾದುದೆಂದು ನಾನು ಎಣಿಸುತ್ತೇನೆ. ಆದರೆ ಈ ಒಂದು ವಿಷದ ಮಟ್ಟಿಗೆ ಅದೂ ಮೋಸಹೋಯಿತೆಂದು ಒಪ್ಪಬೇಕು. ಸೀನೀರಿನ ಬಾವಿಯೇ ಮಕ್ಕಳ ಹಲ್ಲು ಕೆಡಿಸಿದ ಊರುಗಳು ಇರಲೇಬೇಕು.

ನೈಟ್ರೇಟಿನ ಕಥೆಯೂ ಹೀಗೆಯೇ. ಹೊಲಕ್ಕೆ ಸುರಿದ ಯೂರಿಯ, ತಿಪ್ಪೆ, ಶೌಚದ ಗುಂಡಿ ಇವುಗಳಿಂದ ಇಳಿದು ಬರುವ ಇದಕ್ಕೆ ಮಿತಿ 45 ಮಿಲಿಗ್ರಾಂ; ಇದರಲ್ಲಿ ರಿಯಾಯಿತಿಯೇ ಇಲ್ಲ. ಬಾವಿಯ ನೀರಿನ ನೈಟ್ರೇಟಿನಿಂದ ಎಳೆಗೂಸುಗಳ ರಕ್ತವು ಪ್ರಾಣವಾಯುವನ್ನು ಹೊರಲಾರದಾಗಿ ಮೈ ನೀಲಿಗಟ್ಟುವುದನ್ನು ಅಮೆರಿಕದ ಅಯೋವದ ವೈದ್ಯ ಕಾಮ್ಲಿಯು 1945ರಲ್ಲಿಯೇ ತೋರಿಸಿಕೊಟ್ಟಿದ್ದನು.

ಲವಣವನ್ನು ತೆಗೆಯುವ ವಿದ್ಯೆಯಲ್ಲಿ ಭಾರತೀಯನೊಬ್ಬನ ಪಾಲಿದೆ. ಜೀವಕೋಶದ ಪೊರೆಯಂಥ ತೆಳುವಾದ ಪೊರೆಯೊಂದರ ಎರಡು ಪಕ್ಕಗಳಲ್ಲಿ ತಿಳಿನೀರೂ ಉಪ್ಪುನೀರೂ ಇದ್ದರೆ, ಸಹಜವಾಗಿ ತಿಳಿನೀರು ಉಪ್ಪಿನ ಕಡೆಗೆ ಹಾಯುತ್ತದೆ. ಉಪ್ಪಿನ ಪಕ್ಕದಲ್ಲಿ ಸಾಕಷ್ಟು ಒತ್ತಡ ಹೇರಿದರೆ ಗತಿಯು ಹಿಂದುಮುಂದಾಗಿ, ಲವಣ ಹಿಂದುಳಿದು ನೀರು ಮಾತ್ರ ಹೊರಬರುತ್ತದೆ. ತತ್ತ್ವವು ಹಳೆಯದಾದರೂ, ಉಪಯೋಗಕ್ಕೆ ಬರುವಷ್ಟು ನೀರನ್ನು ಹಾಯಗೊಡುವ ಪೊರೆ ಇರಲಿಲ್ಲ. ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಇಬ್ಬರೂ 1950ರ ದಶಕದ ಕೊನೆಯಲ್ಲಿ ಸೆಲ್ಯುಲೋಸ್ ಅಸಿಟೇಟಿನಿಂದ ಅಂಥದೊಂದನ್ನು ತಯಾರಿಸಿದರು; 1965ರಲ್ಲಿ ಕೋಲಿಂಗ ಎಂಬ ಸಣ್ಣ ಪಟ್ಟಣವು ತನ್ನ ಸವಳು ಅಂತರ್ಜಲವನ್ನು ಈ ವಿಧಾನದಿಂದ ಶುದ್ಧಿಮಾಡಿ ಕುಡಿಯತೊಡಗಿತು. ಇಂದು ನಮ್ಮ ಹಳ್ಳಿಗಳ ಶುದ್ಧ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಕೊಳ್ಳುವಾಗ ನಡೆಯುತ್ತಿರುವುದು ಅದೇ ಕ್ರಿಯೆ. ಪಾವಗಡದ ಫ್ಲೋರೈಡು ನೀರಿಗೆ ಇದು ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದೇ ತತ್ತ್ವದಿಂದ ನಡೆಯುವ ಮನೆಯ ಆರ್.ಓ. ಯಂತ್ರವು ಒಂದು ಲೀಟರು ಶುದ್ಧ ನೀರಿಗೆ ಹಲವು ವೇಳೆ ಮೂರು ಲೀಟರನ್ನು ಚರಂಡಿಗೆ ಚೆಲ್ಲುತ್ತದೆ. ನದಿಯ ನೀರು ಬರುವ ಬಡಾವಣೆಗಳಲ್ಲಿ, ಮೊದಲೇ ಲವಣ ಅಲ್ಪವಾಗಿರುವ ನೀರಿಗೆ ಈ ಚಿಕಿತ್ಸೆ ಮಾಡುವುದು ದುಂದೇ ಸರಿ. 500ಕ್ಕಿಂತ ಕಡಮೆಯಿರುವಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿದ್ದು ಈ ಕಾರಣದಿಂದಲೇ. ಹಾಗೆಂದು ಲವಣವಿಲ್ಲದ ನೀರು ವಿಷವೆಂದು ಈಚೆಗೆ ಹುಟ್ಟಿರುವ ಎದುರು ಭೀತಿಯನ್ನೂ ನಾನು ನಂಬಲಾರೆ. ಅದು ಸಪ್ಪೆ, ಲೋಹದ ಕೊಳಾಯಿಯನ್ನು ತಿನ್ನುವ ಗುಣ ಅದಕ್ಕುಂಟು, ಆದರೆ ನಮಗೆ ಬೇಕಾದ ಖನಿಜಗಳ ಬಹುಭಾಗ ಬರುವುದು ಅನ್ನದಿಂದ, ರಾಗಿಯಿಂದ, ಸೊಪ್ಪಿನಿಂದ.

ನೀರು ಕುಡಿಯುವವನು ಮನುಷ್ಯನೊಬ್ಬನೇ ಅಲ್ಲವಷ್ಟೆ. ಬೆಳೆಯು ನೀರನ್ನು ಹೀರಿ ಲವಣವನ್ನು ಮಣ್ಣಿನಲ್ಲಿಯೇ ಬಿಟ್ಟುಬಿಡುತ್ತದೆ. ಬಸಿದುಹೋಗಲು ದಾರಿಯಿಲ್ಲದಿದ್ದರೆ ಅದು ವರ್ಷದಿಂದ ವರ್ಷಕ್ಕೆ ಕೂಡುತ್ತದೆ. 1953ರಲ್ಲಿ ತುಂಗಭದ್ರೆಯ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟಾಗ ಬಂಗಾರದ ಬೆಳೆಯನ್ನು ಕನಸಿದ ಗಂಗಾವತಿ, ಸಿಂಧನೂರಿನ ಕರಿಮಣ್ಣಿನ ರೈತರಲ್ಲಿ ಎಷ್ಟೋ ಮಂದಿಯ ಹೊಲ ಇಂದು ಸವಳು ಜವಳಾಗಿ ಬಿಳಿಚಿಕೊಂಡಿದೆ. ಅಲ್ಲಿ ಕೂಡ ಮೊತ್ತವೊಂದೇ ಮುಖ್ಯವಲ್ಲ. ಕ್ಯಾಲ್ಸಿಯಮ್ಮಿಗಿಂತ ಸೋಡಿಯಂ ಮೇಲುಗೈಯಾದರೆ ಜೇಡಿಯ ಕಣಗಳು ಚದುರಿ, ನೆಲವು ನೀರನ್ನೇ ಇಂಗಿಸಿಕೊಳ್ಳದಾಗುತ್ತದೆ, ಜಿಪ್ಸಂ ಹಾಕಿ ಸೋಡಿಯಮ್ಮನ್ನು ಓಡಿಸಬೇಕಾಗುತ್ತದೆ. ಹಿಂದೆ ಮಡಿವಾಳರು ಬಟ್ಟೆ ಒಗೆಯುವುದಕ್ಕೆ ಚೌಳುಮಣ್ಣನ್ನು ಬಳಸುತ್ತಿದ್ದರು. ಉಪ್ಪಾರರು ಉಪ್ಪುಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಇಂಗಿಸಿ ಉಪ್ಪು ತೆಗೆಯುತ್ತಿದ್ದರು. ಒಂದೇ ನೆಲದ ಒಂದು ಮಣ್ಣು ಬಟ್ಟೆಗೆ, ಮತ್ತೊಂದು ಊಟಕ್ಕೆ ಎಂದು ಗುರುತಿಸಿದ ಅವರಿಗೆ ಯಾವ ಲವಣ ಎಂಬ ಪ್ರಶ್ನೆಯ ಮಹತ್ತ್ವ ಗೊತ್ತಿತ್ತು.

ಕೊಳವೆಬಾವಿಯ ನೀರು ಕುಡಿಯುವ ಪ್ರತಿಯೊಂದು ಮನೆಯವರಿಗೂ ನನ್ನ ವಿನಂತಿ ಇಷ್ಟು: ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವ ಮೊದಲು, ಚೊಕ್ಕಟವಾದ ಶೀಸೆಯಲ್ಲಿ ನೀರು ತುಂಬಿ ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಯ್ಯಿರಿ. ಒಟ್ಟು ಅಂಕಿಯಿಂದ ತೃಪ್ತರಾಗದೆ, ಗಡಸುತನ ಎಷ್ಟು, ಫ್ಲೋರೈಡು ಎಷ್ಟು, ನೈಟ್ರೇಟು ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಿರಿ. ರೋಗಾಣುಗಳ ಪರೀಕ್ಷೆಯನ್ನೂ ಕೇಳಿರಿ. ನೆಲದೊಳಗಿನ ನೀರು ಋತುಗಳೊಡನೆ ಬದಲಾಗುವುದರಿಂದ ಬೇಸಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡುವುದು ಲೇಸು. ಯಂತ್ರ ಮಾರುವವನು ನಿಮ್ಮ ಅಡಿಗೆಮನೆಯಲ್ಲಿ ನಿಂತು ಮಾಡಿಕೊಡುವ ಉಚಿತ ಪರೀಕ್ಷೆಯನ್ನು ಮಾತ್ರ ಇದಕ್ಕೆ ಬದಲಾಗಿ ಒಪ್ಪಿಕೊಳ್ಳಬೇಡಿರಿ.